ಓದುಗರ ಪ್ರಶ್ನೆ: ಮನೆ ಶೆಡ್ಡಿಗೆ ಯಾವ ಮಿಗ್ ಮಷಿನ್ ತರಲಿ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಚಿತ್ರದುರ್ಗದಿಂದ ಸ್ವಲ್ಪ ಒಳಗಿರುವ ಹಳ್ಳಿ. ಮನೆ ಪಕ್ಕದಲ್ಲಿ ತಗಡಿನ ಶೆಡ್ ಹಾಕಿಕೊಂಡು ಬಹಳ ವರ್ಷದಿಂದ ಆರ್ಕ್ ಮಷಿನ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಗೇಟು, ಕಿಟಕಿ ಗ್ರಿಲ್ಲು, ಕೊಟ್ಟಿಗೆ ಚಾವಣಿಯ ಫ್ರೇಮು, ಸುಗ್ಗಿ ಹತ್ತಿರ ಬಂದರೆ ಟ್ರೇಲರ್, ಕುಂಟೆ, ಕೂರಿಗೆ ರಿಪೇರಿ. ಈಗ ಬರುವ ಸ್ಕ್ವೇರ್ ಪೈಪು ಬಹಳ ತೆಳು. ರಾಡ್ ಇಟ್ಟರೆ ತೂತು ಬೀಳುತ್ತದೆ. ರಾಡ್ ಬದಲು ಸುರುಳಿಯಿಂದ ವೈರು ತಾನೇ ಬರುವ ಮಿಗ್ ತರೋಣ ಅಂತ ಅಂಗಡಿಗೆ ಹೋದೆ. ಗ್ಯಾಸ್ ಬೇಡದ ಪುಟ್ಟ ಮಷಿನ್, ಸಿಂಗಲ್ ಫೇಸ್ 200 ಆಂಪಿಯರ್, ತ್ರೀ ಫೇಸ್ 250 ಆಂಪಿಯರ್, ಹೀಗೆ ಮೂರು ತೋರಿಸಿದರು. ದೊಡ್ಡದೇ ತಗೊಳ್ಳಿ, ಮುಂದೆ ಬೇಕಾಗುತ್ತೆ ಅಂತಾರೆ. ಮನೆಗೆ ಸಿಂಗಲ್ ಫೇಸ್ ಮಾತ್ರ ಇದೆ. ಸಂಜೆ ಕರೆಂಟ್ ಡಲ್ ಆಗುತ್ತದೆ. ಯಾವುದು ತರಲಿ?
(ಒಬ್ಬ ಓದುಗರು, ಚಿತ್ರದುರ್ಗ ತಾಲೂಕು)

ಉತ್ತರ: ನಡುವಿನದನ್ನು ತನ್ನಿ. ಸಿಂಗಲ್ ಫೇಸ್ 200 ಆಂಪಿಯರ್, ಮಿಗ್ ಜೊತೆಗೆ ರಾಡ್ ವೆಲ್ಡಿಂಗೂ ಆಗುವಂಥದ್ದು. ಆದರೆ ದುಡ್ಡು ಕೊಡುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮುಗಿಸಿಕೊಳ್ಳಿ.

ಐಟಿಐನಲ್ಲಿ ವೆಲ್ಡರ್ ಟ್ರೇಡಿನ ಹುಡುಗರಿಗೆ ಪಾಠ ಹೇಳಿಕೊಂಡು ಬಂದವನು ನಾನು. ಈಗ ದಾವಣಗೆರೆಯಲ್ಲಿ ಮನೆ ಹಿಂದೆ ಸಣ್ಣ ಶೆಡ್ ಇದೆ. ಮಷಿನ್ ಕೊಳ್ಳಲು ಹೊರಟವರು ಬಂದು ಯಾವ ಕಂಪನಿ ಒಳ್ಳೇದು ಅಂತ ಕೇಳುತ್ತಾರೆ. ನಿಮ್ಮ ಮನೆಯಲ್ಲಿ ಎಷ್ಟು ವೋಲ್ಟ್ ಬರುತ್ತದೆ ಅಂತ ನಾನು ಕೇಳುತ್ತೇನೆ. ಹೆಚ್ಚಿನವರು ನೋಡಿರುವುದಿಲ್ಲ. ಹಳ್ಳಿಯಲ್ಲಿ ಇನ್ವರ್ಟರ್ ಮಷಿನ್ (ಒಳಗೆ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುವ ವೆಲ್ಡಿಂಗ್ ಮಷಿನ್) ಸುಡುವುದು ಬಹಳ ಸಲ ಕರೆಂಟಿನಿಂದಲೇ. ಕಂಪನಿಯ ಮಾತು ಆಮೇಲೆ.

ಒಂದು ಮಲ್ಟಿಮೀಟರ್ ತಗೊಳ್ಳಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಶೆಡ್ಡಿನ ಪ್ಲಗ್‌ನಲ್ಲಿ ವೋಲ್ಟ್ ನೋಡಿ ಗೋಡೆ ಮೇಲೆ ಬರೆದಿಡಿ. ಸುಮ್ನೆ ನೋಡಿದರೆ ಸಾಲದು. ನಿಮ್ಮ ಆರ್ಕ್ ಮಷಿನ್‌ನಲ್ಲಿ ಯಾರಾದರೂ ವೆಲ್ಡಿಂಗ್ ಹೊಡೆಯುತ್ತಿರುವಾಗಲೇ ಇನ್ನೊಬ್ಬರು ಮೀಟರ್ ನೋಡಬೇಕು. ಖಾಲಿ ಇದ್ದಾಗ 225 ತೋರಿಸಿ, ಲೋಡ್ ಬಿದ್ದ ತಕ್ಷಣ 180ಕ್ಕೆ ಇಳಿಯುವ ಮನೆಗಳಿವೆ. ಮಷಿನ್ ಹಿಂದಿನ ಪ್ಲೇಟ್ ಮೇಲೆ 230 ವೋಲ್ಟ್, ಪ್ಲಸ್ ಮೈನಸ್ 15 ಪರ್ಸೆಂಟ್ ಅಂತ ಇದ್ದರೆ 195ರಿಂದ 265ರವರೆಗೆ ನಡೆಯುತ್ತದೆ ಅಂತ ಅರ್ಥ. ನಿಮ್ಮ ಸಂಜೆಯ ಲೆಕ್ಕ 195ಕ್ಕಿಂತ ಕೆಳಗೆ ಹೋದರೆ ಮಿಗ್ ಕೆಲಸ ಬೆಳಿಗ್ಗೆ ಇಟ್ಟುಕೊಳ್ಳಿ. ಇಲ್ಲವೇ ಇನ್ನೂ ಕಡಿಮೆ ವೋಲ್ಟೇಜ್‌ಗೆ ನಡೆಯುತ್ತದೆ ಎಂದು ಪ್ಲೇಟ್ ಮೇಲೆ ಬರೆದಿರುವ ಮಷಿನ್ ಹುಡುಕಿ. ಬಾಯಿ ಮಾತಿಗೆ ಒಪ್ಪಬೇಡಿ, ಪ್ಲೇಟ್ ಓದಿ.

ಇನ್ನು ಮಷಿನ್ ಎಷ್ಟು ಕರೆಂಟ್ ಎಳೆಯುತ್ತದೆ? ಮಿಗ್‌ನಲ್ಲಿ 150 ಆಂಪಿಯರ್ ಇಟ್ಟರೆ ಆರ್ಕ್ ವೋಲ್ಟೇಜ್ ಸುಮಾರು 21.5. ಅಂದರೆ ಹೊರಗೆ ಬರುವುದು 3.2 ಕಿಲೋವ್ಯಾಟ್. ಸಾಧಾರಣ ಇನ್ವರ್ಟರ್ ಮಷಿನ್ ಇದಕ್ಕೆ 230 ವೋಲ್ಟ್‌ನಲ್ಲಿ 23-24 ಆಂಪಿಯರ್ ಎಳೆಯುತ್ತದೆ. ಪೂರಾ 200 ಇಟ್ಟರೆ 35ರ ಹತ್ತಿರ ಹೋಗುತ್ತದೆ. ಹಾಗಾಗಿ 16 ಆಂಪಿಯರ್ ಪವರ್ ಪ್ಲಗ್ ಇದಕ್ಕೆ ಸಾಲುವುದಿಲ್ಲ. ಮೀಟರ್ ಬೋರ್ಡಿನಿಂದ ಶೆಡ್ಡಿಗೆ ಬೇರೆಯದೇ ಲೈನ್ ಎಳೆಸಿ. 6 ಸ್ಕ್ವೇರ್ ಎಂಎಂ ತಾಮ್ರದ ವೈರು, 32 ಆಂಪಿಯರ್ ಸಿ ಕರ್ವ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್; ನಿಮ್ಮ ಬೆಸುಗೆ 180 ಆಂಪಿಯರ್ ದಾಟದ್ದರಿಂದ 32 ಸಾಕು), ಇಂಡಸ್ಟ್ರಿಯಲ್ ಸಾಕೆಟ್, ಸರಿಯಾದ ಅರ್ಥಿಂಗ್. ದುಬಾರಿ ಅನ್ನಿಸಬಹುದು. ಲೆಕ್ಕ ನೋಡಿ. ಬೋರ್ಡಿನಿಂದ ಶೆಡ್ಡಿಗೆ 30 ಮೀಟರ್ ದೂರ ಅಂದುಕೊಳ್ಳೋಣ. 1.5 ಸ್ಕ್ವೇರ್ ವೈರಿನಲ್ಲಿ 24 ಆಂಪಿಯರ್ ಹರಿದರೆ ವೈರಿನಲ್ಲೇ 17 ವೋಲ್ಟ್ ಹೋಗುತ್ತದೆ, ವೈರೂ ಬಿಸಿಯಾಗುತ್ತದೆ. 6 ಸ್ಕ್ವೇರಿನಲ್ಲಿ ಹೋಗುವುದು ನಾಲ್ಕೂವರೆಯಷ್ಟೇ. ಸಂಜೆ ಮೊದಲೇ ಡಲ್ ಇರುವ ಕರೆಂಟಿನಲ್ಲಿ ಆ ಹನ್ನೆರಡು ವೋಲ್ಟ್ ಬಹಳ ದೊಡ್ಡದು. ಬೆಸ್ಕಾಂಗೆ ಅರ್ಜಿ ಕೊಟ್ಟು ಮನೆಯ ಮಂಜೂರಾದ ಲೋಡನ್ನೂ ಜಾಸ್ತಿ ಮಾಡಿಸಿಕೊಳ್ಳಿ. ದುಡ್ಡು ತಗೊಂಡು ಕೆಲಸ ಮಾಡುವವರು ನೀವು. ಶೆಡ್ಡಿಗೆ ಯಾವ ಬಗೆಯ ಸಂಪರ್ಕ ಬೇಕು ಅಂತ ಸೆಕ್ಷನ್ ಆಫೀಸಿನಲ್ಲೇ ಕೇಳಿ ಸರಿಮಾಡಿಕೊಳ್ಳಿ.

ತ್ರೀ ಫೇಸ್ ಮಷಿನ್ ಇದಕ್ಕೇ ಬೇಡ ಅಂದೆ. ಮಷಿನ್ ಚೆನ್ನಾಗಿಯೇ ಇರುತ್ತದೆ, ನಿಮಗೆ ಆ ಕರೆಂಟ್ ಇಲ್ಲ. ಹೊಲದಲ್ಲಿ ಪಂಪ್‌ಸೆಟ್ ಲೈನ್ ಇದೆಯಲ್ಲ, ಅಲ್ಲಿಂದ ಎಳೆದುಕೊಳ್ಳಿ ಅಂತ ಯಾರಾದರೂ ಹೇಳಬಹುದು. ಮಾಡಬೇಡಿ. ಆ ಲೈನ್ ಕೊಟ್ಟಿರುವುದು ನೀರಾವರಿಗೆ. ದಿನಕ್ಕೆ ಕೆಲವು ತಾಸು ಬರುವ ಕರೆಂಟನ್ನು ನಂಬಿ ಗಿರಾಕಿಗೆ ಮಾತು ಕೊಡುವುದೂ ಆಗುವುದಿಲ್ಲ.

ನಿಮ್ಮ ಕೆಲಸಕ್ಕೆ 250 ಬೇಕಾಗಿಯೂ ಇಲ್ಲ. ಕಬ್ಬಿಣಕ್ಕೆ ಒಂದು ಮಿಲಿಮೀಟರ್ ದಪ್ಪಕ್ಕೆ ಸುಮಾರು 40 ಆಂಪಿಯರ್ ಅಂತ ಹಿಡಿಯಿರಿ. 18 ಗೇಜ್ ಪೈಪು 1.2 ಎಂಎಂ, ಅದಕ್ಕೆ 50 ಆಂಪಿಯರ್ ಸಾಕು. 16 ಗೇಜ್ 1.6 ಎಂಎಂ, 65ರ ಹತ್ತಿರ. ಗೇಟಿನ 3 ಎಂಎಂ ಫ್ಲ್ಯಾಟಿಗೆ 120. ಟ್ರೇಲರಿನ 5-6 ಎಂಎಂ ಚಾನೆಲ್‌ಗೆ ಅಂಚು ಗ್ರೈಂಡ್ ಮಾಡಿ ವಿ ತೆಗೆದು, 160-180ರಲ್ಲಿ ಎರಡು ಸಲ ಹೊಡೆದರೆ ಆಯಿತು. ನಿಮ್ಮ ಪೈಪಿಗೆ ತೂತು ಬೀಳುವ ಕಾರಣವೂ ಇಲ್ಲೇ ಇದೆ. 2.5 ಎಂಎಂ ರಾಡ್ ಸರಿಯಾಗಿ ಉರಿಯಲು 60-90 ಆಂಪಿಯರ್ ಬೇಕು. ಪೈಪಿಗೆ ಬೇಕಿರುವುದು 50. ಮಿಗ್‌ನ 0.8 ಎಂಎಂ ವೈರು ಆ 50ರಲ್ಲೂ ನೆಟ್ಟಗೆ ಉರಿಯುತ್ತದೆ.

ಪ್ಲೇಟ್ ಮೇಲೆ ಡ್ಯೂಟಿ ಸೈಕಲ್ ಅಂತ ಇರುತ್ತದೆ. 200 ಆಂಪಿಯರ್‌ಗೆ 60 ಪರ್ಸೆಂಟ್ ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಹೊಡೆಯಬಹುದು, ನಾಲ್ಕು ನಿಮಿಷ ಬಿಡಬೇಕು. ಅದೇ ಮಷಿನ್ 155 ಆಂಪಿಯರ್‌ನಲ್ಲಿ ಬಿಡದೆ ನಡೆಯುತ್ತದೆ. ಈ ಲೆಕ್ಕ 40 ಡಿಗ್ರಿ ಬಿಸಿಲಿಗೆ ಹೇಳಿದ್ದು. ನಮ್ಮ ಕಡೆ ಏಪ್ರಿಲ್‌ನಲ್ಲಿ ತಗಡಿನ ಶೆಡ್ಡಿನೊಳಗೆ ಅದಕ್ಕಿಂತ ಜಾಸ್ತಿಯೇ ಇರುತ್ತದೆ, ಅಲ್ವಾ? 200 ಅಂತ ದೊಡ್ಡದಾಗಿ ಬರೆದು, ಪಕ್ಕದಲ್ಲಿ 20 ಅಥವಾ 30 ಪರ್ಸೆಂಟ್ ಅಂತ ಸಣ್ಣದಾಗಿ ಬರೆದಿರುವ ಮಷಿನ್ ಬಿಡಿ.

ಗ್ಯಾಸ್ ಬೇಡದ ಪುಟ್ಟ ಮಷಿನ್ ಬಗ್ಗೆ. ಅದರ ವೈರಿನ ಹೊಟ್ಟೆಯಲ್ಲಿ ಫ್ಲಕ್ಸ್ ಪುಡಿ ಇರುತ್ತದೆ, ಅದೇ ಉರಿದು ಗಾಳಿಯನ್ನು ತಡೆಯುತ್ತದೆ. ಬಯಲಿನಲ್ಲಿ ಒಳ್ಳೆಯದು. ಆದರೆ ಹೊಗೆ ಜಾಸ್ತಿ, ಬೆಸುಗೆ ಮೇಲೆ ಕೂರುವ ಸ್ಲ್ಯಾಗ್ ಅನ್ನೋ ಕಿಟ್ಟ ಕುಟ್ಟಬೇಕು, ಒಂದು ಕೆಜಿಯ ಪುಟ್ಟ ಸುರುಳಿ ತಂದರೆ ಕೆಜಿ ಲೆಕ್ಕದಲ್ಲಿ ದುಬಾರಿ. ಆ ವೈರಿಗೆ ಟಾರ್ಚ್ (ವೈರು ಹೊರಬರುವ ಕೈಹಿಡಿ) ಮೈನಸ್‌ನಲ್ಲಿರಬೇಕು. ಗ್ಯಾಸ್ ಜೊತೆ ಹಾಕುವ ಸಾದಾ ವೈರಿಗೆ ಪ್ಲಸ್‌ನಲ್ಲಿರಬೇಕು. ಪುಟ್ಟ ಮಷಿನ್‌ಗಳಲ್ಲಿ ಅದಲು ಬದಲು ಮಾಡಲು ಬರದಂಥವೂ ಇವೆ. ಬಯಲಿನ ಕೆಲಸಕ್ಕೆ ನಿಮ್ಮ ಹತ್ತಿರ ಆರ್ಕ್ ಮಷಿನ್ ಈಗಾಗಲೇ ಇರುವಾಗ ಇದಕ್ಕೆ ದುಡ್ಡು ಹಾಕುವುದು ಬೇಡ.

ಆರ್ಕ್ ಮಷಿನ್ ಮಾರಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಮಿಗ್ ಬಂದ ಮೇಲೆ ಹಳೆಯದು ಯಾಕೆ ಅಂತ ಗುಜರಿಗೆ ಹಾಕುವವರನ್ನು ನೋಡಿದ್ದೇನೆ. ನಿಮ್ಮ ದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸಿರುವುದು ಅಲ್ಲಿ ಗಾಳಿ ಇದೆ ಅಂತಲೇ. ಆ ಗಾಳಿ ಮಿಗ್‌ನ ಶತ್ರು. ಮುಖಕ್ಕೆ ತಂಪಾಗಿ ತಾಗುವಷ್ಟು ಗಾಳಿ ಬೀಸಿದರೂ ಗ್ಯಾಸ್ ಹಾರಿಹೋಗಿ ಬೆಸುಗೆಯೊಳಗೆ ತೂತು ಬೀಳುತ್ತದೆ. ಶೆಡ್ಡಿನ ಗಾಳಿ ಬರುವ ಕಡೆಗೆ ಗೋಣಿ ಪರದೆಯಲ್ಲ, ತಗಡು ಕಟ್ಟಿ. ಗೋಣಿಗೆ ಕಿಡಿ ಹಾರುತ್ತದೆ. ಪಕ್ಕದಲ್ಲಿ ಸೊಪ್ಪೆ ಬಣವೆ ಇದ್ದರೆ ಇನ್ನೂ ಹುಷಾರು.

ಕುಂಟೆ, ಕೂರಿಗೆ ಕೆಲಸವೂ ರಾಡಿಗೇ ಇರಲಿ. ತುಕ್ಕು, ಮಣ್ಣು, ಎಣ್ಣೆ ಮೆತ್ತಿದ ಕಬ್ಬಿಣ ಮಿಗ್‌ಗೆ ಆಗುವುದಿಲ್ಲ. ಕುಂಟೆ ಬ್ಲೇಡನ್ನು ಲಾರಿ ಪಟ್ಟಾದಿಂದ ಮಾಡಿದ್ದರಂತೂ ಅದು ಸ್ಪ್ರಿಂಗ್ ಸ್ಟೀಲ್. ತಣ್ಣಗಿರುವಾಗ ಬೆಸುಗೆ ಹಾಕಿದರೆ, ಬೆಸುಗೆ ಹಾಗೇ ಇದ್ದು ಅದರ ಪಕ್ಕದಲ್ಲಿ ಸೀಳುತ್ತದೆ. ಮೊದಲು 200-300 ಡಿಗ್ರಿಗೆ ಬಿಸಿ ಮಾಡಿ. ಒಣಗಿಸಿದ 7018 (ಲೋ ಹೈಡ್ರೋಜನ್) ರಾಡ್ ಹಾಕಿ. ನೀರಿಗೆ ಅದ್ದಬೇಡಿ, ಒಲೆ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಡಿ.

ಟ್ರೇಲರ್ ವಿಚಾರ ಇನ್ನೂ ಗಂಭೀರ. ರಾಡ್ ಕೆಲಸ ಕೆಟ್ಟರೆ ಬಹಳ ಸಲ ನೋಡಿದ ತಕ್ಷಣ ಗೊತ್ತಾಗುತ್ತದೆ. ಮಿಗ್ ಹಾಗಲ್ಲ. ಕರೆಂಟ್ ಕಡಿಮೆ ಇದ್ದರೂ ಮೇಲೆ ನೀಟಾಗಿ ಸಾಲು ಬೀಳುತ್ತದೆ, ಒಳಗೆ ಕಬ್ಬಿಣ ಕರಗಿಯೇ ಇರುವುದಿಲ್ಲ. ಮೆಕ್ಕೆಜೋಳದ ಮೂಟೆ ತುಂಬಿದ ಟ್ರೇಲರ್ ಹೈವೇ ಮೇಲೆ ಹೋಗುತ್ತಿರುವಾಗ ಕೊಂಡಿಯ ಬೆಸುಗೆ ಬಿಟ್ಟರೆ ಹಿಂದೆ ಬರುವ ಬೈಕಿನವನ ಗತಿ ಏನು? ಅದಕ್ಕೆ ಮಷಿನ್ ತಂದ ಮೇಲೆ ಗಿರಾಕಿ ಕೆಲಸಕ್ಕೆ ಕೈ ಹಾಕುವ ಮುಂಚೆ ಈ ಪರೀಕ್ಷೆ ಮಾಡಿ. 5 ಎಂಎಂ ದಪ್ಪದ ಎರಡು ತುಂಡನ್ನು ಟಿ ಆಕಾರಕ್ಕೆ ನಿಲ್ಲಿಸಿ ಒಂದೇ ಕಡೆ ಬೆಸುಗೆ ಹಾಕಿ. ವೈಸ್‌ಗೆ ಕಚ್ಚಿಸಿ, ನಿಂತ ತುಂಡನ್ನು ಬೆಸುಗೆ ಇರುವ ಕಡೆಗೆ ಸುತ್ತಿಗೆಯಿಂದ ಹೊಡೆದು ಮಡಚಿ. ಬೆಸುಗೆ ಸಿಪ್ಪೆ ಎದ್ದ ಹಾಗೆ ಬಂದು, ಕೆಳಗಿನ ಕಬ್ಬಿಣ ನುಣ್ಣಗೆ ಹೊಳೆಯುತ್ತಿದ್ದರೆ ಅದು ಹಿಡಿದೇ ಇಲ್ಲ. ಕರೆಂಟ್ ಏರಿಸಿ, ಟಾರ್ಚನ್ನು ಕರಗಿದ ಕಬ್ಬಿಣದ ಮುಂದಿನ ಅಂಚಿನಲ್ಲೇ ಇಟ್ಟುಕೊಂಡು ಹೋಗಿ, ಮತ್ತೆ ಮುರಿದು ನೋಡಿ. ಹುಡುಗರ ಕೈಯಲ್ಲಿ ನಾನು ಮೊದಲು ಮಾಡಿಸುತ್ತಿದ್ದದ್ದು ಇದನ್ನೇ. ಕೊಂಡಿ, ಆಕ್ಸಲ್ ಹಿಡಿಕೆ, ಚಾಸಿ ಜೋಡಣೆ, ಈ ಮೂರನ್ನು ಕೈ ಪಳಗುವವರೆಗೆ ರಾಡಿನಲ್ಲೇ ಮಾಡಿ.

ಈಗ ಅಂಗಡಿಗೆ ಹೋಗೋಣ. ನಿಮ್ಮ 18 ಗೇಜ್ ಪೈಪಿನ ತುಂಡು, 5 ಎಂಎಂ ಆ್ಯಂಗಲ್ ತುಂಡು ಕೈಯಲ್ಲಿರಲಿ. ಅವರ ತುಂಡಿನ ಮೇಲೆ ಹೊಡೆದು ತೋರಿಸಿದರೆ ನಿಮಗೇನೂ ತಿಳಿಯುವುದಿಲ್ಲ. ಮಷಿನ್‌ನ ಪಕ್ಕದ ಬಾಗಿಲು ತೆಗೆಸಿ. ವೈರ್ ತಳ್ಳುವ ಜಾಗ ಪ್ಲಾಸ್ಟಿಕ್ಕಿನದೋ, ಎರಕದ ಲೋಹದ್ದೋ ನೋಡಿ. ಮಿಗ್‌ನ ಅರ್ಧ ತೊಂದರೆ ಹುಟ್ಟುವುದು ಅಲ್ಲೇ. ವೈರು ತಡೆದು ತಡೆದು ಬಂದರೆ ಎಷ್ಟು ಒಳ್ಳೆಯ ಕೈ ಇದ್ದರೂ ಕೆಲಸ ಕೆಡುತ್ತದೆ. ರೋಲರ್ ಮೇಲೆ 0.8 ಅಂತ ಕೊರೆದಿರಬೇಕು. 5 ಕೆಜಿ ಸುರುಳಿಯಾದರೂ ಕೂರಬೇಕು, 15 ಕೆಜಿ ಕೂತರೆ ಇನ್ನೂ ಒಳ್ಳೆಯದು. ಟಾರ್ಚ್ ಯೂರೋ ಕನೆಕ್ಟರ್‌ದಾಗಿರಲಿ. ಮಷಿನ್‌ಗೇ ಅಂಟಿಕೊಂಡ ಟಾರ್ಚ್ ಹಾಳಾದರೆ ಬಿಚ್ಚಿ ಬದಲಾಯಿಸುವುದು ಕಷ್ಟ. ನಿಮ್ಮ ಮಟ್ಟಕ್ಕೆ 15 ಎಕೆ ಟಾರ್ಚ್ ಸಾಕು. ಅದರ ಟಿಪ್ಪು (ವೈರು ಹೊರಬರುವ ತುದಿ), ನಾಝಲ್ (ಗ್ಯಾಸ್ ಬರುವ ಕೊಳವೆ) ಸುಲಭವಾಗಿ ಸಿಗುತ್ತವೆ. ದುರ್ಗದಲ್ಲೇ ಸಿಗುತ್ತವೆಯೋ ಇಲ್ಲವೋ ಅಂತ ಎರಡು ಅಂಗಡಿ ಕೇಳಿಕೊಳ್ಳಿ.

ವೋಲ್ಟೇಜ್‌ಗೆ ಒಂದು, ವೈರ್ ಸ್ಪೀಡಿಗೆ ಒಂದು, ಬೇರೆ ಬೇರೆ ನಾಬ್ ಇರುವ ಮಷಿನ್ ನನಗೆ ಇಷ್ಟ. ಕಬ್ಬಿಣದ ದಪ್ಪ ಎಷ್ಟು ಅಂತ ಒತ್ತಿದರೆ ತಾನೇ ಎಲ್ಲ ಹೊಂದಿಸುವ ಮಷಿನ್‌ಗಳು ಬಂದಿವೆ, ಕೆಟ್ಟವೇನಲ್ಲ. ಆದರೆ ಡಲ್ ಕರೆಂಟಿನಲ್ಲಿ ನಿಮ್ಮ ಕಿವಿಯೇ ಮೇಲು. ಒಂದೇ ಸಮನೆ ಚರಚರ ಅಂದರೆ ಸರಿ. ವೈರು ಬಡಿದು ಟಾರ್ಚನ್ನು ಹಿಂದಕ್ಕೆ ತಳ್ಳಿದರೆ ಸ್ಪೀಡ್ ಜಾಸ್ತಿ. ಟಿಪ್ಪಿಗೆ ಉಂಡೆ ಕಟ್ಟಿದರೆ ಸ್ಪೀಡ್ ಕಡಿಮೆ.

ಕೊನೆಗೆ ಗ್ಯಾಸ್. ಆರ್ಗಾನ್ 80 ಪರ್ಸೆಂಟ್, ಸಿಓಟು (ಕಾರ್ಬನ್ ಡೈಆಕ್ಸೈಡ್) 20 ಪರ್ಸೆಂಟ್ ಸೇರಿಸಿದ ಗ್ಯಾಸ್‌ನಲ್ಲಿ ಕಿಡಿ ಕಡಿಮೆ, ಕೆಲಸ ನೀಟು. ಆದರೆ ಗೇಟು, ಗ್ರಿಲ್ಲಿಗೆ ಬರೀ ಸಿಓಟು ಸಾಕು. ಅಗ್ಗ, ಒಳಗೂ ಚೆನ್ನಾಗಿ ಇಳಿಯುತ್ತದೆ. ವೈರು ಇಆರ್ 70ಎಸ್-6 ಅಂತ ಕೇಳಿ. ಒಂದು ಕೆಜಿ ಸಿಓಟು ಆವಿಯಾದರೆ 540 ಲೀಟರಿನಷ್ಟಾಗುತ್ತದೆ. ನಿಮಿಷಕ್ಕೆ 12 ಲೀಟರ್ ಬಿಟ್ಟರೆ ಕೆಜಿಗೆ 45 ನಿಮಿಷ ಆರ್ಕ್ ಉರಿಯುತ್ತದೆ. 30 ಕೆಜಿ ಸಿಲಿಂಡರ್ ಸಣ್ಣ ಶೆಡ್ಡಿಗೆ ಬಹಳ ದಿನ ಬರುತ್ತದೆ. ಒಳಗೆ ದ್ರವ ಇರುವವರೆಗೂ ಗೇಜಿನ ಮುಳ್ಳು ಇಳಿಯುವುದಿಲ್ಲ. ಹಾಗಾಗಿ ಎಷ್ಟು ಉಳಿದಿದೆ ಅಂತ ತೂಕ ಹಾಕಿಯೇ ನೋಡಬೇಕು. ಸಿಲಿಂಡರನ್ನು ಮಲಗಿಸಬೇಡಿ, ದ್ರವ ರೆಗ್ಯುಲೇಟರಿಗೆ ನುಗ್ಗುತ್ತದೆ. ಬಿಸಿಲಿಗೂ ಇಡಬೇಡಿ. 31 ಡಿಗ್ರಿ ದಾಟಿದರೆ ಒಳಗಿನ ದ್ರವ ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ನೆರಳಲ್ಲಿ, ಗೋಡೆಗೆ ಚೈನ್ ಹಾಕಿ ನಿಲ್ಲಿಸಿ. ಉದ್ದಕ್ಕೆ ಹೊಡೆಯುವಾಗ ರೆಗ್ಯುಲೇಟರ್ ಹಿಮ ಕಟ್ಟುತ್ತದೆ. ಹೀಟರ್ ಇರುವ ರೆಗ್ಯುಲೇಟರನ್ನೇ ತನ್ನಿ.

ಪ್ರಶ್ನೆ: ಮಗ ಹಿತ್ತಲಲ್ಲಿ ವೆಲ್ಡಿಂಗ್ ಶುರು ಮಾಡಿದ್ದಾನೆ. ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ ಅಂತ ಆಲೂಗಡ್ಡೆ ಬಿಲ್ಲೆ ಇಟ್ಟುಕೊಂಡು ಮಲಗುತ್ತಾನೆ. ಜಿಐ ಪೈಪ್ ಕೆಲಸ ಮಾಡಿದ ದಿನ ಮೈ ಬಿಸಿಯಾಗಿ ಚಳಿ ಬರುತ್ತದೆ. ಹಾಲು ಕುಡಿದರೆ ಹೋಗುತ್ತೆ ಅಂತಾನೆ. ನನಗೆ ಭಯ.
(ಒಬ್ಬ ತಾಯಿ, ದಾವಣಗೆರೆ)

ಉತ್ತರ: ತಾಯೀ, ನಿಮ್ಮ ಭಯ ಸರಿಯಾದದ್ದೇ. ಆರ್ಕ್‌ನ ಬೆಳಕಿನಲ್ಲಿರುವ ನೇರಳಾತೀತ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಕೆಲವು ತಾಸು ಕಳೆದ ಮೇಲೆ ಉರಿ ಶುರುವಾಗುವುದರಿಂದ ಹುಡುಗರಿಗೆ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಆಲೂಗಡ್ಡೆ ತಂಪು ಕೊಡುತ್ತದೆ, ಸುಟ್ಟದ್ದನ್ನು ವಾಸಿ ಮಾಡುವುದಿಲ್ಲ. ಕತ್ತರಿಸಿದ ಹಸಿ ತರಕಾರಿಯಿಂದ ಕಣ್ಣಿಗೆ ಸೋಂಕೂ ತಗುಲಬಹುದು. ಉರಿ ಪದೇ ಪದೇ ಬರುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಟ್ಯಾಕ್ (ತುಂಡು ಹಿಡಿದು ನಿಲ್ಲಿಸುವ ಚುಕ್ಕೆ ಬೆಸುಗೆ) ಹಾಕುವಾಗ ಗ್ಲಾಸ್ ಇಲ್ಲದೆ ಕಣ್ಣು ಮುಚ್ಚಿ ಹೊಡೆಯುತ್ತಾನೋ ಕೇಳಿ. ಬಹಳ ಜನ ಹಾಗೇ ಮಾಡುತ್ತಾರೆ. ತಾನೇ ಕಪ್ಪಾಗುವ ಹೆಲ್ಮೆಟ್ ಒಂದು ಕೊಡಿಸಿ, 100ರಿಂದ 150 ಆಂಪಿಯರ್‌ಗೆ ಗ್ಲಾಸಿನ ಕಪ್ಪು 10 ಅಥವಾ 11ನೇ ಶೇಡ್ ಇಟ್ಟುಕೊಳ್ಳಲಿ. ಹೊಸ ಮಷಿನ್‌ಗಿಂತ ಮೊದಲು ಬರಬೇಕಾದದ್ದು ಅದು.

ಚಳಿ ಜ್ವರ ಬರುವುದು ಜಿಐ ಪೈಪಿನ ಮೇಲಿರುವ ಸತುವಿನ ಹೊಗೆಯಿಂದ. ಹಾಲು ಅದನ್ನು ತಡೆಯುವುದಿಲ್ಲ, ಹೊಗೆ ಹೋಗುವುದು ಶ್ವಾಸಕೋಶಕ್ಕೆ. ಬೆಸುಗೆ ಹಾಕುವ ಜಾಗದ ಎರಡೂ ಕಡೆ ಒಂದು ಇಂಚು ಸತುವಿನ ಪದರ ಉಜ್ಜಿ ತೆಗೆಯಲಿ. ಉಜ್ಜುವಾಗಲೂ ಮಾಸ್ಕ್ ಇರಲಿ. ಬಟ್ಟೆ ಕಟ್ಟಿಕೊಂಡರೆ ಸಾಲದು, ಲೋಹದ ಹೊಗೆ ತಡೆಯುವ ಫಿಲ್ಟರ್ ಮಾಸ್ಕ್ ಬೇಕು. ಹೊಗೆಯ ಮೇಲೆ ತಲೆ ಬಾಗಿಸಿ ನಿಲ್ಲದೆ, ಗಾಳಿಗೆ ಪಕ್ಕ ಕೊಟ್ಟು ನಿಲ್ಲಲಿ. ಜ್ವರ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇಳಿಯದೆ ಉಸಿರು ಕಟ್ಟಿದಂತಾದರೆ ತಡಮಾಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಏನು ಕೆಲಸ ಮಾಡಿದ್ದ ಅಂತ ಡಾಕ್ಟರಿಗೆ ಹೇಳಿ.

ಪ್ರಶ್ನೆ: ಹೊಸ ಮಿಗ್ ತಂದೆ. ಮೊದಲ ವಾರ ಚೆನ್ನಾಗಿತ್ತು. ಈಗ ಬೆಸುಗೆ ತುಂಬ ಜೇನುಗೂಡಿನಂತೆ ತೂತು. ಗ್ಯಾಸ್ ಫುಲ್ ಇದೆ. ಮಷಿನ್ ವಾಪಸ್ ಕೊಡಲೇ?
(ಒಬ್ಬ ಓದುಗರು, ಹರಿಹರ)

ಉತ್ತರ: ಈಗಲೇ ಬೇಡ. ಮೊದಲು ಫ್ಯಾನ್ ಆಫ್ ಮಾಡಿ ಹೊಡೆದು ನೋಡಿ. ಆಮೇಲೆ ನಾಝಲ್ ಬಿಚ್ಚಿ. ಒಳಗೆ ಕಿಡಿ ಕಟ್ಟಿ ಗ್ಯಾಸ್ ಬರುವ ತೂತುಗಳು ಮುಚ್ಚಿರುತ್ತವೆ. ಇಕ್ಕಳದಲ್ಲಿ ಕೆರೆದು ತೆಗೆಯಿರಿ. ಗ್ಯಾಸ್ ಪೈಪಿನ ಜೋಡಣೆಗಳಿಗೆಲ್ಲ ಸೋಪು ನೀರು ಹಚ್ಚಿ, ಗುಳ್ಳೆ ಬಂದ ಕಡೆ ಕ್ಲಿಪ್ ಬಿಗಿ ಮಾಡಿ. ರೆಗ್ಯುಲೇಟರ್ ಹಿಮ ಕಟ್ಟಿದ್ದರೂ ಗ್ಯಾಸ್ ಸರಿಯಾಗಿ ಬರುವುದಿಲ್ಲ. ಗ್ಯಾಸಿನ ಫ್ಲೋ ನಿಮಿಷಕ್ಕೆ 10ರಿಂದ 15 ಲೀಟರ್ ನಡುವೆ ಇರಲಿ. ಜಾಸ್ತಿ ಬಿಟ್ಟರೆ ಒಳ್ಳೆಯದು ಅಂತ 25ಕ್ಕೆ ಏರಿಸಿದರೆ ಗ್ಯಾಸ್ ಸುಳಿ ಸುತ್ತಿ ಹೊರಗಿನ ಗಾಳಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಟಿಪ್ಪಿನಿಂದ ಹೊರಬಂದ ವೈರು ಸುಮಾರು 10 ಎಂಎಂ ಇರಲಿ. ಪೈಪಿನ ಪೇಂಟು, ತುಕ್ಕು ಉಜ್ಜಿ ತೆಗೆದಿದ್ದೀರಾ? ವೈರಿನ ಸುರುಳಿಗೆ ತುಕ್ಕು ಹಿಡಿದಿಲ್ಲ ತಾನೆ? ಮಳೆಗಾಲದಲ್ಲಿ ಕೆಲಸ ಇಲ್ಲದ ದಿನ ಸುರುಳಿಯನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಇಷ್ಟೆಲ್ಲ ನೋಡಿದ ಮೇಲೂ ತೂತು ನಿಲ್ಲದಿದ್ದರೆ, ಟ್ರಿಗರ್ ಒತ್ತಿದಾಗ ಒಳಗೆ ಗ್ಯಾಸ್ ವಾಲ್ವ್ ಟಕ್ ಅನ್ನುತ್ತದೆಯೇ ಕೇಳಿಸಿಕೊಳ್ಳಿ. ಸದ್ದೇ ಇಲ್ಲ ಅಂದರೆ ಆಗ ವಾರಂಟಿ ಕಾರ್ಡ್ ಹಿಡಿದು ಅಂಗಡಿಗೆ ಹೋಗಿ.